ಟ್ರಕ್ ಹೊರಟದ್ದು ಶುಕ್ರವಾರ, ತಲುಪಿದ್ದು ಸೋಮವಾರ

2009ರ ಯುಗಾದಿ ಬಂದದ್ದು ಮಾರ್ಚ್ 27ರ ಶುಕ್ರವಾರ. ಡೆಟ್ರಾಯ್ಟ್ ಸುತ್ತಮುತ್ತಲಿನ ನಮ್ಮವರಿಗೆ ಹಬ್ಬ ಯಾವತ್ತೇ ಬರಲಿ, ಆಚರಣೆ ಮಾತ್ರ ವಾರದ ಕೊನೆಗೇ. ಹಾಗಾಗಿ ಒಬ್ಬಟ್ಟಿನ ಊಟ ಭಾನುವಾರ ಸ್ನೇಹಿತರೊಬ್ಬರ ಮನೆಯಲ್ಲಿತ್ತು. ಬಂದಿದ್ದವರಲ್ಲಿ ಮುಕ್ಕಾಲು ಪಾಲು ಕಾರು ಕಂಪನಿಗಳನ್ನೇ ನಂಬಿ ಬದುಕುತ್ತಿದ್ದವರು. ಒಬ್ಬರು ವಾರನ್‌ನಲ್ಲಿರುವ ಜನರಲ್ ಮೋಟರ್ಸ್ (ಜಿಎಂ) ಟೆಕ್ ಸೆಂಟರ್‌ನಲ್ಲಿ, ಇಬ್ಬರು ಆಬರ್ನ್ ಹಿಲ್ಸ್‌ನ ಕ್ರೈಸ್ಲರ್‌ನಲ್ಲಿ, ಉಳಿದವರು ನನ್ನ ಹಾಗೆ ಬಿಡಿಭಾಗದ ಕಂಪನಿಗಳಲ್ಲಿ. ಕೆಲಸ ಹೋದರೆ ವೀಸಾನೂ ಹೋಯಿತು ಅನ್ನುವ ಸ್ಥಿತಿ ಅರ್ಧ ಜನರದ್ದು. ಸಂಜೆ ಸುದ್ದಿ ಬಂತು: ಜಿಎಂ ಮುಖ್ಯಸ್ಥ ರಿಕ್ ವ್ಯಾಗನರ್ ಕೆಳಗಿಳಿಯುತ್ತಿದ್ದಾರೆ, ಇಳಿಯಿರಿ ಎಂದದ್ದು ಒಬಾಮಾ ಸರ್ಕಾರ. "ಸಂವತ್ಸರದ ಹೆಸರೇ ವಿರೋಧಿ ಕಣ್ರೀ, ಇನ್ನೇನಾಗುತ್ತೆ" ಅಂದರು ಮನೆಯ ಯಜಮಾನರು. ಯಾರೂ ಅಷ್ಟಾಗಿ ನಗಲಿಲ್ಲ.

ನಾನಾಗ ಮಕೋಂಬ್ ಕೌಂಟಿಯ ಒಂದು ಸ್ಟಾಂಪಿಂಗ್ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಉಕ್ಕಿನ ಸುರುಳಿ ಬಿಚ್ಚಿ, ಪ್ರೆಸ್ಸಿನಲ್ಲಿ ಒತ್ತಿ, ಸೀಟಿನ ಕೆಳಗೆ ಕೂರುವಂಥ ಬ್ರ್ಯಾಕೆಟ್ಟುಗಳನ್ನು ಮಾಡುವ ನೂರೈವತ್ತು ಜನರ ಕಾರ್ಖಾನೆ. ನನ್ನ ಹುದ್ದೆಗೆ ಉದ್ದದ ಹೆಸರಿತ್ತು, ಕೆಲಸ ಮಾತ್ರ ಬಾಕಿ ವಸೂಲಿ. ಯಾರು ಎಷ್ಟು ಕೊಡಬೇಕು, ಎಷ್ಟು ದಿನವಾಯಿತು, ಫೋನ್ ಮಾಡಿದರೆ ಯಾರು ಎತ್ತುತ್ತಾರೆ, ಯಾರು ಎತ್ತುವುದಿಲ್ಲ.

ಬೇಲ್‌ಔಟ್, ಅಂದರೆ ಮುಳುಗುತ್ತಿದ್ದ ಕಾರು ಕಂಪನಿಗಳನ್ನು ಸರ್ಕಾರ ಸಾಲ ಕೊಟ್ಟು ಎತ್ತಿದ್ದು, ಎಂದೊಡನೆ ಜನರಿಗೆ ಮೊದಲು ನೆನಪಾಗುವುದು 2008ರ ನವೆಂಬರ್: ಜಿಎಂ, ಫೋರ್ಡ್, ಕ್ರೈಸ್ಲರ್ ಮೂರೂ ಕಂಪನಿಗಳ ಮುಖ್ಯಸ್ಥರು ಖಾಸಗಿ ವಿಮಾನದಲ್ಲಿ ವಾಷಿಂಗ್ಟನ್‌ಗೆ ಹಾರಿ 25 ಬಿಲಿಯನ್ ಡಾಲರ್ ಸಾಲ ಕೇಳಿದ್ದು, ಬೈಸಿಕೊಂಡದ್ದು, ಡಿಸೆಂಬರ್‌ನಲ್ಲಿ ಕಾರಿನಲ್ಲೇ ವಾಪಸ್ ಹೋದದ್ದು. ನನ್ನ ಗಮನ ಇದ್ದದ್ದು ಫೋರ್ಡ್‌ನ ಅಲನ್ ಮುಲಾಲಿ ಮೇಲೆ. ಫೋರ್ಡ್ 2006ರ ಕೊನೆಯಲ್ಲೇ ತನ್ನ ನೀಲಿ ಲೋಗೋ ಸಮೇತ ಇದ್ದಬದ್ದದ್ದನ್ನೆಲ್ಲ ಅಡವಿಟ್ಟು 23 ಬಿಲಿಯನ್‌ಗೂ ಹೆಚ್ಚು ಸಾಲ ಎತ್ತಿಟ್ಟುಕೊಂಡಿತ್ತು. ಆ ದುಡ್ಡಿದ್ದರಿಂದ ಅದಕ್ಕೆ ತಕ್ಷಣದ ಗಂಡಾಂತರ ಇರಲಿಲ್ಲ. ಆದರೂ ಆ ಮನುಷ್ಯ ಎದುರಾಳಿಗಳ ಪರವಾಗಿ ಮಾತಾಡಿದರು. ದೊಡ್ಡ ಮನಸ್ಸು ಅಂದುಕೊಂಡವರು ನಮ್ಮ ಶಾಪಿಗೆ ಒಮ್ಮೆ ಬರಬೇಕಿತ್ತು. ಅದೇ 400 ಟನ್ ಪ್ರೆಸ್ಸು, ಬೆಳಗಿನ ಪಾಳಿಯಲ್ಲಿ ಜಿಎಂ ಡೈ (ಒತ್ತುವ ಅಚ್ಚು), ಮಧ್ಯಾಹ್ನ ಫೋರ್ಡ್ ಡೈ. ಜಿಎಂ ನಿಂತರೆ ಆ ಪ್ರೆಸ್ಸಿನ ಕಂತು, ಕರೆಂಟು, ಆಪರೇಟರ್ ಸಂಬಳ ಎಲ್ಲ ಫೋರ್ಡ್ ಬ್ರ್ಯಾಕೆಟ್ಟೊಂದರ ತಲೆಗೇ ಬರುತ್ತದೆ. ನಾವು ಮುಚ್ಚಿದರೆ ಫೋರ್ಡ್‌ನ ಸೀಟು ಕೂರಿಸುವ ಲೈನೂ ನಿಲ್ಲುತ್ತದೆ.

ಡಿಸೆಂಬರ್ 11ರಂದು ಸಾಲದ ಮಸೂದೆ ಸೆನೆಟ್‌ನಲ್ಲಿ ಬಿದ್ದುಹೋಯಿತು. 19ರಂದು ಬುಷ್, ಬ್ಯಾಂಕುಗಳಿಗೆಂದು ಇಟ್ಟಿದ್ದ 700 ಬಿಲಿಯನ್ ನಿಧಿಯಿಂದಲೇ 17.4 ಬಿಲಿಯನ್ ತೆಗೆದು ಜಿಎಂ ಮತ್ತು ಕ್ರೈಸ್ಲರ್‌ಗೆ ಸಾಲ ಘೋಷಿಸಿದರು. ಈ ಎರಡು ತಾರೀಖುಗಳ ನಡುವೆ ನಮ್ಮ ಮಾಲೀಕ ನನ್ನ ಮೇಜಿನ ಹತ್ತಿರ ಬಂದು ಒಂದೇ ಮಾತು ಕೇಳಿದ: ಜಿಎಂ ಬಿದ್ದರೆ ನಮಗೆ ಎಷ್ಟು ಹೋಗುತ್ತದೆ?

ಒಂದು ದಿನದಲ್ಲಿ ಚೆಂದದ ಪಟ್ಟಿ ಮಾಡಿಕೊಟ್ಟೆ. ಜಿಎಂನಿಂದ ನೇರವಾಗಿ ಬರಬೇಕಾದ್ದು ಒಟ್ಟು ಬಾಕಿಯ ಶೇ. 9, ಕ್ರೈಸ್ಲರ್‌ನಿಂದ ಶೇ. 4. ಎರಡಕ್ಕೂ ಕೆಂಪು ಬಣ್ಣ. ಮಿಕ್ಕಿದ್ದೆಲ್ಲ ಹನ್ನೊಂದು ಟಿಯರ್ ಒನ್ ಕಂಪನಿಗಳದ್ದು, ಅಂದರೆ ನಮ್ಮ ಬ್ರ್ಯಾಕೆಟ್ಟು ಕೊಂಡು ಸೀಟು ಜೋಡಿಸಿ ಕಾರ್ಖಾನೆಗೆ ಕೊಡುವವರದ್ದು. ಅವಕ್ಕೆಲ್ಲ ಹಸಿರು. ನಮ್ಮ ಕಂಟ್ರೋಲರ್, ಅಂದರೆ ಲೆಕ್ಕಪತ್ರ ವಿಭಾಗದ ಮುಖ್ಯಸ್ಥೆ, ಮೂವತ್ತು ವರ್ಷ ಇದೇ ವ್ಯಾಪಾರ ಕಂಡ ಹೆಂಗಸು. ಕನ್ನಡಕ ಏರಿಸಿ ಪಟ್ಟಿ ನೋಡಿ ಕೇಳಿದ್ದು ಇಷ್ಟೇ: "ಈ ಹನ್ನೊಂದು ಜನ ಯಾರಿಗೆ ಮಾರುತ್ತಾರೆ?"

ಉತ್ತರ ನನ್ನಲ್ಲಿ ಇರಲಿಲ್ಲ. ಒಂದೊಂದು ಪಾರ್ಟ್ ನಂಬರ್ ಹಿಡಿದು, ಅದು ಯಾವ ಸೀಟಿಗೆ, ಆ ಸೀಟು ಯಾವ ಗಾಡಿಗೆ ಎಂದು ಹುಡುಕಲು ಮೂರು ದಿನ ಹಿಡಿಯಿತು. ಹಸಿರು ಬಳಿದಿದ್ದರಲ್ಲಿ ಮೂರರಲ್ಲಿ ಎರಡು ಪಾಲು ಕೊನೆಗೆ ಸೇರುತ್ತಿದ್ದದ್ದು ಜಿಎಂ ಇಲ್ಲವೇ ಕ್ರೈಸ್ಲರ್ ಗಾಡಿಗೆ. ನಲ್ಲಿ ಹನ್ನೊಂದಿದ್ದವು, ಮೇಲಿನ ಟ್ಯಾಂಕು ಎರಡೇ. ಆ ಟ್ಯಾಂಕಿಗೆ ನೀರೂ ಕಡಿಮೆಯಾಗುತ್ತಿತ್ತು: 2007ರಲ್ಲಿ ಅಮೆರಿಕದಲ್ಲಿ ಸುಮಾರು 1.6 ಕೋಟಿ ಹೊಸ ಗಾಡಿ ಮಾರಾಟವಾಗಿದ್ದವು, 2009ರಲ್ಲಿ ಬರೀ 1.04 ಕೋಟಿ.

ಫೆಬ್ರವರಿಯಲ್ಲಿ ಬ್ಯಾಂಕಿನ ಪತ್ರ ಬಂತು. ನಮ್ಮಂಥವರು ಬರಬೇಕಾದ ಬಾಕಿಯನ್ನೇ ಒತ್ತೆಯಿಟ್ಟು ಸಾಲ ತಂದು ಸಂಬಳ ಕೊಡುವುದು. ಇನ್ನು ಮೇಲೆ ಜಿಎಂ, ಕ್ರೈಸ್ಲರ್ ಬಾಕಿಯನ್ನು ಒತ್ತೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದಿತ್ತು ಪತ್ರ. ಮಾಲೀಕ ಎರಡನೇ ಪಾಳಿ ನಿಲ್ಲಿಸಿದ. ಪ್ರೆಸ್ ಶಾಪಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಆ ಧಡ್ ಧಡ್ ಕಾಲಿನ ಕೆಳಗೇ ಇರುತ್ತದೆ, ಕಾಫಿ ಲೋಟದಲ್ಲಿ ಸಣ್ಣ ಅಲೆ ಏಳುತ್ತಿರುತ್ತದೆ. ಆ ಸೋಮವಾರ ಮಧ್ಯಾಹ್ನ ಮೂರರ ನಂತರ ನನ್ನ ಕಾಫಿ ಅಲುಗಾಡಲಿಲ್ಲ.

ಮಾರ್ಚ್ 19ರಂದು ಸರ್ಕಾರ ಬಿಡಿಭಾಗದವರಿಗೆಂದೇ 5 ಬಿಲಿಯನ್ ಡಾಲರ್ ಯೋಜನೆ ಪ್ರಕಟಿಸಿದಾಗ ಓಡಿಹೋಗಿ ಮಾಲೀಕನಿಗೆ ಹೇಳಿದವನು ನಾನೇ. ಷರತ್ತು ಓದಿದ್ದು ಆಮೇಲೆ. ಜಿಎಂ ಅಥವಾ ಕ್ರೈಸ್ಲರ್‌ಗೆ ನೇರ ಮಾರುವವರಿಗೆ ಮಾತ್ರ, ಅದರಲ್ಲೂ ಆ ಕಂಪನಿಗಳೇ ಆರಿಸಿದವರಿಗೆ. ಬಾಕಿಗೆ ಸರ್ಕಾರದ ಭರವಸೆ ಬೇಕೆಂದರೆ ಶೇ. 2 ಶುಲ್ಕ, ದುಡ್ಡು ತಕ್ಷಣ ಬೇಕೆಂದರೆ ಶೇ. 3. ಹನ್ನೊಂದು ಹಸಿರು ಖಾತೆಗಳಿಂದ ನಮಗೆ ಬರಬೇಕಾದ ಬಾಕಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಮಾಲೀಕ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಏಪ್ರಿಲ್ 30ಕ್ಕೆ ಕ್ರೈಸ್ಲರ್ ಚಾಪ್ಟರ್ 11 (ಕಂಪನಿ ನಡೆಸುತ್ತಲೇ ಸಾಲ ಸರಿಪಡಿಸಿಕೊಳ್ಳುವ) ದಿವಾಳಿ ಅರ್ಜಿ ಹಾಕಿತು, ಜೂನ್ 1ಕ್ಕೆ ಜಿಎಂ. ಜಿಎಂ ದುಡ್ಡು ಕೊಡುವ ಪದ್ಧತಿ ಗೊತ್ತಿದ್ದವರಿಗೆ ಆ ತಾರೀಖು ನೋಡಿದರೆ ಎದೆ ಧಸಕ್ಕೆನ್ನಬೇಕು. ಒಂದು ತಿಂಗಳು ಕಳಿಸಿದ ಮಾಲಿಗೆ ಅದರ ಎರಡನೇ ತಿಂಗಳ 2ನೇ ತಾರೀಖು ಹಣ, ಅಂದರೆ ಏಪ್ರಿಲ್‌ನ ಮಾಲಿಗೆ ಜೂನ್ 2. ಅರ್ಜಿ ಅದಕ್ಕೆ ಒಂದು ದಿನ ಮೊದಲು! ಆದರೆ ಆ ಸಲ ಜಿಎಂ ಮೇ ಕೊನೆಯ ವಾರದಲ್ಲೇ ಹಣ ಹಾಕಿಬಿಟ್ಟಿತು. ಸರ್ಕಾರದ ಸಾಲ ಕೈಯಲ್ಲಿದ್ದದ್ದರಿಂದ ಆದ ಕೆಲಸ. ಜುಲೈ 10ಕ್ಕೆ, ನಲವತ್ತೇ ದಿನಕ್ಕೆ, ಹೊಸ ಜಿಎಂ ಹೊರಬಂತು. ಬೇಡದ್ದೆಲ್ಲ ಹಳೇ ಕಂಪನಿಯ ಹೆಸರಿನಲ್ಲಿ ಉಳಿಯಿತು, ಬೇಕಾದ ಸಪ್ಲೈಯರ್ ಒಪ್ಪಂದಗಳು ಹೊಸದಕ್ಕೆ ಬಂದವು. ಹಾಗೆ ಬರಬೇಕಾದರೆ ಹಳೇ ಬಾಕಿ ತೀರಿಸಬೇಕೆಂಬುದು ದಿವಾಳಿ ಕಾನೂನು. ನಾನು ಕೆಂಪು ಬಳಿದಿದ್ದ ಶೇ. 9 ಕೊನೆಯ ಸೆಂಟಿನವರೆಗೂ ಬಂತು. ಕ್ರೈಸ್ಲರ್‌ನದ್ದು ಸ್ವಲ್ಪ ಕಾಯಿಸಿ ಬಂತು.

ಸಿಕ್ಕಿಬಿದ್ದದ್ದು ಹಸಿರಿನಲ್ಲಿ.

ಆ ಹನ್ನೊಂದರಲ್ಲಿ ಒಂದು ಕಂಪನಿ ಅದೇ ಬೇಸಿಗೆಯಲ್ಲಿ ದಿವಾಳಿ ಕೋರ್ಟಿಗೆ ಹೋಯಿತು. ಅದಕ್ಕೆ ವಾಷಿಂಗ್ಟನ್‌ನಲ್ಲಿ ಯಾರೂ ಇರಲಿಲ್ಲ. ನಮಗೆ ಬರಬೇಕಾದ್ದು ಮೂರು ಲಕ್ಷ ಡಾಲರ್ ಹತ್ತಿರ. ಇಂಥ ಬಾಕಿ ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ. ಒಂದು ಕಿಂಡಿ ಮಾತ್ರ ಇದೆ: ಅರ್ಜಿಗೆ ಹಿಂದಿನ 20 ದಿನದೊಳಗೆ ಅವರ ಕೈಸೇರಿದ ಮಾಲಿನ ಬೆಲೆಗೆ ಮುಂದಿನ ಸಾಲಿನಲ್ಲಿ ಜಾಗ, ಅದನ್ನು ಪೂರ್ತಿ ಕೊಡಲೇಬೇಕು.

ನಾನು ಸಿಸ್ಟಮ್ ತೆರೆದು, ಇನ್‌ವಾಯ್ಸ್ ತಾರೀಖಿನ ಪ್ರಕಾರ 20 ದಿನ ಎಣಿಸಿ, ಕ್ಲೇಮ್ ತಯಾರು ಮಾಡಿದೆ. ಕಂಟ್ರೋಲರ್ ಸಹಿ ಹಾಕುವ ಮುಂಚೆ ಮತ್ತೆ ಕನ್ನಡಕ ಏರಿಸಿದರು. "ಇದು ನಾವು ಕಳಿಸಿದ ದಿನ. ಅವರು ಇಳಿಸಿಕೊಂಡದ್ದು ಯಾವತ್ತು?"

20 ದಿನದ ಗಡಿ ಬಿದ್ದದ್ದು ಒಂದು ಶನಿವಾರಕ್ಕೆ. ಅದರ ಹಿಂದಿನ ದಿನ ಸಂಜೆ ನಮ್ಮ ಡಾಕ್‌ನಿಂದ (ಮಾಲು ಹತ್ತಿಸಿ ಇಳಿಸುವ ಕಟ್ಟೆಯಿಂದ) ಒಂದು ತುಂಬಿದ ಟ್ರಕ್ ಹೊರಟಿತ್ತು, ಮಾಲು 38,600 ಡಾಲರಿನದ್ದು. ಅವರ ಕಾರ್ಖಾನೆ ಒಹಾಯೊದಲ್ಲಿ, ಶನಿವಾರ ಭಾನುವಾರ ಡಾಕ್ ಮುಚ್ಚಿರುತ್ತದೆ. ಅಂದರೆ ಇಳಿದದ್ದು ಸೋಮವಾರವೇ. ನಾನು ಅದನ್ನು ಹೊರಗಿಟ್ಟಿದ್ದೆ. ನಮ್ಮ ಸಿಸ್ಟಮ್‌ನಲ್ಲಿ ಇಳಿದ ತಾರೀಖಿಗೆ ಖಾನೆಯೇ ಇರಲಿಲ್ಲ, ಯಾವತ್ತೂ ಬೇಕಾಗಿರಲಿಲ್ಲ.

ಕೋರ್ಟಿಗೆ "ಇಳಿದಿರಲೇಬೇಕು" ಅಂದರೆ ಸಾಲದು, ಚೀಟಿ ಬೇಕು. ಬಿಲ್ ಆಫ್ ಲೇಡಿಂಗ್, ಅಂದರೆ ಮಾಲು ಸಾಗಣೆಯ ಚೀಟಿ, ಅದರ ನಮ್ಮ ಪ್ರತಿಯಲ್ಲಿ ಇದ್ದದ್ದು ನಮ್ಮವರ ಸಹಿ ಮಾತ್ರ. ಇಳಿಸಿಕೊಂಡವರ ಸಹಿ ಇರುವುದು ಡ್ರೈವರ್ ಪ್ರತಿಯಲ್ಲಿ. ಲಾರಿ ಕಂಪನಿಯೆಂದರೆ ಗಂಡ ಹೆಂಡತಿ ನಡೆಸುವ ಆರು ಟ್ರಕ್ಕಿನ ಸಂಸಾರ, ಅವರಿಗೂ ಆ ತಿಂಗಳು ಸಾಕುಸಾಕಾಗಿತ್ತು. ಫೋನಿಗೆ ಸಿಗದೆ ಖುದ್ದಾಗಿ ಹೋದೆ. ಆಕೆ ತಿಂಗಳಿಗೊಂದರಂತೆ ಜೋಡಿಸಿಟ್ಟ ಶೂ ಡಬ್ಬಗಳನ್ನು ತೋರಿಸಿ "ನೀವೇ ಹುಡುಕಿಕೊಳ್ಳಿ" ಅಂದಳು. ಗುಲಾಬಿ ಬಣ್ಣದ ಕಾರ್ಬನ್ ಪ್ರತಿಗಳು, ಕೆಲವದಕ್ಕೆ ಡೀಸೆಲ್ ವಾಸನೆ, ಒಂದಕ್ಕೆ ಕೆಚಪ್. ಎರಡು ಗಂಟೆ ಕೂತು ಹುಡುಕಿದ ಮೇಲೆ ಸಿಕ್ಕಿತು: ಸೋಮವಾರ, ಬೆಳಿಗ್ಗೆ 6:50, ಫೋರ್ಕ್‌ಲಿಫ್ಟ್ ಓಡಿಸುವ ಯಾರದೋ ಗೀಚು ಸಹಿ. ಶಿಫ್ಟ್ ಶುರುವಾಗಿ ಹತ್ತು ನಿಮಿಷದೊಳಗೆ, ಆ ಕಂಪನಿ ಮೂರು ವಾರದಲ್ಲಿ ಏನಾಗುತ್ತದೆಂದು ತಿಳಿಯದೆ, ಸುಮ್ಮನೆ ಹಾಕಿದ ಸಹಿ.

ಬೇಲ್‌ಔಟ್ ಸರಿಯೋ ತಪ್ಪೋ ಎಂದು ಪಂಪ ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ವರ್ಷಗಟ್ಟಲೆ ವಾದ ಕೇಳಿದ್ದೇನೆ. 2013ರ ಡಿಸೆಂಬರ್‌ನಲ್ಲಿ ಸರ್ಕಾರ ತನ್ನ ಕೊನೆಯ ಜಿಎಂ ಷೇರು ಮಾರಿದಾಗ ತೆರಿಗೆದಾರರಿಗೆ ಹತ್ತು ಬಿಲಿಯನ್ ಡಾಲರಿಗೂ ಹೆಚ್ಚು ನಷ್ಟವಾಗಿತ್ತು, ಅದನ್ನು ಹಿಡಿದು ಕೆಲವರು ಇವತ್ತಿಗೂ ಜಗ್ಗಾಡುತ್ತಾರೆ. ನನ್ನ ಮಟ್ಟಿಗೆ ಆ ಸಾಲ ಕೊಡದಿದ್ದರೆ ನಮ್ಮ ಹನ್ನೊಂದರಲ್ಲಿ ಒಂದಲ್ಲ, ಎಂಟು ಹೋಗುತ್ತಿದ್ದವು. ಆದರೆ ಆ ದುಡ್ಡು ಹರಿದದ್ದು ಒಪ್ಪಂದದಲ್ಲಿ ಹೆಸರಿದ್ದವರ ಕಡೆಗೆ. ಹೆಸರಿಲ್ಲದ ನಾವು ಉಳಿದದ್ದು ಶೂ ಡಬ್ಬದಿಂದ.

ಕ್ಲೇಮ್ ತಿದ್ದಿ ಕಳಿಸಿದೆವು. 20 ದಿನದೊಳಗಿನ ಮಾಲಿಗೆ, ಆ ಸೋಮವಾರದ ಲೋಡೂ ಸೇರಿ, ಪೂರ್ತಿ ಹಣ ಬರುವಷ್ಟರಲ್ಲಿ ವರ್ಷ ಕಳೆದಿತ್ತು. ಉಳಿದ ಬಾಕಿಗೆ ಡಾಲರಿಗೆ ಏಳು ಸೆಂಟಿನಂತೆ ಇನ್ನೊಂದು ಚೆಕ್ ಬಂತು, ಬ್ಯಾಂಕಿಗೆ ಹಾಕುವ ಮೊದಲು ಮಾಲೀಕ ಅದರ ಜೆರಾಕ್ಸ್ ತೆಗೆದು ನನ್ನ ಮೇಜಿನ ಎದುರಿನ ಗೋಡೆಗೆ ಅಂಟಿಸಿದ. ಸಿಸ್ಟಮ್‌ನಲ್ಲಿ ಇಳಿದ ತಾರೀಖಿಗೆ ಖಾನೆ ಮಾಡಿಸಿದೆ. ಡ್ರೈವರ್ ಪ್ರತಿ ಕೈಗೆ ಬರದೆ ಲಾರಿ ಬಾಡಿಗೆ ಕೊಡುವುದಿಲ್ಲ ಎಂದೂ ಮಾಡಿದೆವು. ಆ ಹೆಂಗಸಿಗೆ ಇದರಿಂದ ನನ್ನ ಮೇಲೆ ಬಹಳ ದಿನ ಕೋಪವಿತ್ತು.