ಕಾಸ್ ಪಠಾರಕ್ಕೆ ಹೊರಟವರಿಗೆ: ಹೂವು ನೋಡಿ, ಹೋಟೆಲು ಕೇಳಬೇಡಿ

ಸೆಪ್ಟೆಂಬರ್ ಬಂತು ಅಂದರೆ ಪುಣೆ, ಪಿಂಪ್ರಿ-ಚಿಂಚವಾಡದ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಎರಡು ಪ್ರಶ್ನೆ ಖಾಯಂ. ಸಾತಾರಾ ಹತ್ತಿರದ ಹೂವಿನ ಪಠಾರ, ಅಂದರೆ ಗುಡ್ಡದ ಮೇಲಿನ ಬಯಲು, ಕಾಸ್‌ಗೆ ಯಾವಾಗ ಹೋಗಬೇಕು? ಅಲ್ಲಿ ಒಳ್ಳೆ ರಿಸಾರ್ಟ್ ಯಾವುದಿದೆ? ಮೊದಲನೆಯದಕ್ಕೆ ನಾಲ್ಕು ಸಾಲಲ್ಲಿ ಉತ್ತರ ಕೊಡಬಹುದು. ಎರಡನೆಯದಕ್ಕೆ ಹಾಗಾಗುವುದಿಲ್ಲ. ಆ ಪ್ರಶ್ನೆ ಕೇಳುವವರು ಹೆಚ್ಚಿದಷ್ಟೂ ಆ ಪಠಾರಕ್ಕೆ ಕುತ್ತು ಹತ್ತಿರವಾಗುತ್ತಿದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಹೂವಿನ ಕಾಲ ಸಾಮಾನ್ಯವಾಗಿ ಸೆಪ್ಟೆಂಬರ್ ಶುರುವಿನಿಂದ ಅಕ್ಟೋಬರ್ ನಡುವಿನವರೆಗೆ. ಮಳೆ ನೋಡಿಕೊಂಡು ಅದು ಹಿಂದೆ ಮುಂದೆ ಆಗುತ್ತದೆ. ದಿನಕ್ಕೆ 3,000 ಜನರಿಗಷ್ಟೇ ಪ್ರವೇಶ. ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಬೇಕು, ಹೊತ್ತಿನ ಸ್ಲಾಟ್ ಆರಿಸಿಕೊಳ್ಳಬೇಕು. ಶನಿವಾರ, ಭಾನುವಾರದ ಸ್ಲಾಟ್ ಬೇಗ ಮುಗಿದು ಹೋಗುತ್ತದೆ. ಆದ್ದರಿಂದ ಒಂದು ದಿನ ರಜೆ ಹಾಕಿ ವಾರದ ನಡುವೆ ಹೋಗಿ, ಬೆಳಗಿನ ಸ್ಲಾಟ್ ತೆಗೆದುಕೊಳ್ಳಿ. ಟಿಕೆಟ್ ಇಲ್ಲದೆ ಹೋಗಿ ಗೇಟಿನಲ್ಲಿ ಜಗಳ ಮಾಡುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅಲ್ಲಿ ನಿಂತು ಟಿಕೆಟ್ ನೋಡುವವರು ಕಾಸ್, ಏಕೀವ್ ಮುಂತಾದ ಸುತ್ತಲ ಹಳ್ಳಿಗಳ ಜನ. ಅರಣ್ಯ ಇಲಾಖೆಯ ಜೊತೆ ಗ್ರಾಮ ಸಮಿತಿಗಳು ಸೇರಿ ಈ ಕೆಲಸ ನಡೆಸುತ್ತವೆ. ಮಿತಿ ಇಟ್ಟಿರುವುದು ಹೂವಿಗೋಸ್ಕರ.

ಪುಣೆಯಿಂದ ಸಾತಾರಾ ಸುಮಾರು 110 ಕಿಲೋಮೀಟರ್. ಬೆಂಗಳೂರು ಹೆದ್ದಾರಿಯೇ, ಊರಿಗೆ ಹೋಗುವಾಗ ನಾವೆಲ್ಲ ಹಾದು ಹೋಗುವ ದಾರಿ. ಬೆಳಿಗ್ಗೆ ಬೇಗ ಹೊರಟರೆ ಖಂಬಾಟ್ಕಿ ಘಾಟಿನ ಟ್ರಾಫಿಕ್ ತಪ್ಪುತ್ತದೆ. ಸಾತಾರಾದಿಂದ ಯವತೇಶ್ವರ ಘಾಟು ಹತ್ತಿ ಪಶ್ಚಿಮಕ್ಕೆ ಇನ್ನು 25 ಕಿಲೋಮೀಟರ್. ಕಾರು ಇಲ್ಲದವರು ಸ್ವಾರಗೇಟಿನಿಂದ ಸಾತಾರಾಕ್ಕೆ ಎಸ್‌ಟಿ ಬಸ್ಸು ಹಿಡಿಯಿರಿ. ಅಲ್ಲಿಂದ ಬಾಮಣೋಲಿ ಕಡೆಯ ಬಸ್ಸು ಕಾಸ್ ಮೇಲೇ ಹೋಗುತ್ತದೆ. ಬಸ್ಸಿನಲ್ಲಿ ಹೋಗುವುದೇ ನನಗೆ ಇಷ್ಟ. ಸೀಸನ್‌ನಲ್ಲಿ ಕಾರುಗಳನ್ನು ಪಠಾರಕ್ಕೆ ಮೊದಲೇ ನಿಲ್ಲಿಸಿ ಜನರನ್ನು ಬಸ್ಸಿನಲ್ಲಿ ಒಯ್ಯುತ್ತಾರೆ. ಒಳ್ಳೆಯದೇ. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿದರೆ ಚಕ್ರದ ಕೆಳಗೆ ಹೋಗುವುದು ಹೂವೇ.

ಛತ್ರಿ ಬೇಡ, ರೇನ್‌ಕೋಟ್ ತನ್ನಿ. ಮೇಲೆ ಗಾಳಿ ಜೋರು, ಎತ್ತರ ಸುಮಾರು 1,200 ಮೀಟರ್. ಒಳ್ಳೆ ಹಿಡಿತ ಇರುವ ಬೂಟು ಹಾಕಿಕೊಳ್ಳಿ.

ಹೋದ ಕೂಡಲೇ ದೂರದವರೆಗೂ ಹೂವಿನ ಹಾಸು ಕಾಣುತ್ತದೆ ಎಂದು ಬಹಳ ಜನ ತಿಳಿದಿರುತ್ತಾರೆ. ಕಾಣುತ್ತದೆ, ನಿಜ. ಕರ್ಣಕುಂಡಲದ ಜಾತಿಯ ತೇರಡಾ ಗುಲಾಬಿ ಬಣ್ಣದಲ್ಲಿ, ಸೋಣ್ಕಿ ಹಳದಿಯಲ್ಲಿ, ಗೇಂದ್ ಬಿಳಿ ಚುಕ್ಕಿಗಳಾಗಿ. ನೀಲಕುರಿಂಜಿಯ ಬಳಗದ ಟೋಪ್ಲಿ ಕಾರ್ವಿ 7 ವರ್ಷಕ್ಕೊಮ್ಮೆ ಅರಳುತ್ತದೆ. ಆ ವರ್ಷ ಸಿಕ್ಕಿದವರು ಅದೃಷ್ಟವಂತರು. ಆದರೆ ಕಾಸ್‌ನ ನಿಜವಾದ ವಿಷಯ ಕಾಲ ಬುಡದಲ್ಲಿದೆ. ಅದನ್ನು ನಮಗೆ ತೋರಿಸಿದ್ದು ಅಲ್ಲಿ ಕಾವಲಿಗಿದ್ದ ಒಬ್ಬ ಹಳ್ಳಿಯ ಹೆಂಗಸು. ನಾವು ಮುಂದೆ ಮುಂದೆ ನಡೆಯುತ್ತಿದ್ದೆವು. "ದಾದಾ, ಪುಢೇ ನಕೋ, ಖಾಲೀ ಬಘಾ" ಎಂದರು. ಮುಂದಲ್ಲ, ಕೆಳಗೆ ನೋಡಿ ಅಂತ.

ಕೆಳಗೆ ಅಂಗಿಯ ಗುಂಡಿಯಷ್ಟು ದೊಡ್ಡ ಒಂದು ಗಿಡ. ಎಲೆಯ ಸುತ್ತ ಕೆಂಪು ಕೂದಲು. ಪ್ರತಿ ಕೂದಲ ತುದಿಯಲ್ಲೂ ಒಂದೊಂದು ಹನಿ, ಇಬ್ಬನಿಯ ಹಾಗೆ. ಇಬ್ಬನಿ ಅಲ್ಲ, ಅಂಟು. ಒಂದು ಸಣ್ಣ ನೊಣ ಅದರಲ್ಲಿ ಸಿಕ್ಕಿಕೊಂಡಿತ್ತು. ಒಂದು ಕಾಲು ಇನ್ನೂ ಅಲ್ಲಾಡುತ್ತಿತ್ತು. ಪಕ್ಕದ ಎರಡು ಕೂದಲು ಆಗಲೇ ಅದರ ಕಡೆ ಬಾಗಿದ್ದವು. ಡ್ರೊಸೆರಾ, ಹುಳ ಹಿಡಿದು ತಿನ್ನುವ ಗಿಡ. ಪಕ್ಕದಲ್ಲೇ ನೇರಳೆ ಬಣ್ಣದ ಚಿಕ್ಕ ಹೂವುಗಳು. ಮರಾಠಿಯಲ್ಲಿ ಅವನ್ನು 'ಸೀತೆಚೀ ಆಸವೇ' ಅನ್ನುತ್ತಾರೆ, ಸೀತೆಯ ಕಣ್ಣೀರು. ಅದೂ ಹುಳ ಹಿಡಿಯುವುದೇ. ಅದರ ಚೀಲಗಳು ನೆಲದೊಳಗೆ, ನೀರಿನಲ್ಲಿ ಇರುತ್ತವೆ.

ಗಿಡ ಹುಳ ಯಾಕೆ ತಿನ್ನಬೇಕು? ಆ ಕಾವಲಿನ ಮಾವಶಿ (ಮರಾಠಿಯಲ್ಲಿ ಚಿಕ್ಕಮ್ಮ) ಬಾಯಲ್ಲಿ ಹೇಳಲಿಲ್ಲ. ಹಾದಿಯ ಅಂಚಿನಲ್ಲಿ ಕೂತು ಹಸಿ ಮಣ್ಣನ್ನು ಉಗುರಿನಿಂದ ಗೀರಿದರು. ಒಂದೇ ಗೀರಿಗೆ ಕಲ್ಲು ಕಂಡಿತು. ಅಷ್ಟೇ ಅಲ್ಲಿನ ಮಣ್ಣು. ಕೆಳಗೆಲ್ಲ ಜಂಬಿಟ್ಟಿಗೆ ಬಂಡೆ. ಬಂಡೆಯ ಮೇಲೆ ಉಗುರು ದಪ್ಪದ ಮಣ್ಣು, ಕೆಲವು ಕಡೆ ನಾಲ್ಕು ಬೆರಳು. ಅದರಲ್ಲಿ ಸಾರ ಇಲ್ಲ. ಮಳೆಗಾಲದಲ್ಲಿ ನೀರು ನಿಂತು ಕೊಚ್ಚೆ, ಬೇಸಿಗೆಯಲ್ಲಿ ಬರೀ ಕಾದ ಕಲ್ಲು. ಇಷ್ಟರಲ್ಲೇ ಬದುಕುವುದನ್ನು ಕಲಿತ ಗಿಡಗಳು ಇವು. ಕಾಸ್ ಮತ್ತು ಅದರ ಸುತ್ತಮುತ್ತ 850ಕ್ಕೂ ಹೆಚ್ಚು ಬಗೆಯ ಹೂಗಿಡ ದಾಖಲಾಗಿವೆ. 'ಅಪೊನೊಜೆಟಾನ್ ಸತಾರೆನ್ಸಿಸ್' ಎಂಬ ಗಿಡದ ಹೆಸರಲ್ಲೇ ಸಾತಾರಾ ಇದೆ. ಸಹ್ಯಾದ್ರಿಯ ಇಂಥ ಪಠಾರಗಳನ್ನು ಬಿಟ್ಟರೆ ಅದಕ್ಕೆ ಬೇರೆ ಮನೆ ಇಲ್ಲ. ಆ ಉಗುರು ದಪ್ಪದ ಮಣ್ಣು ಬೂಟಿಗೆ ಹತ್ತಿ ಹೋದರೆ ಮತ್ತೆ ಕಟ್ಟಿಕೊಳ್ಳಲು ಎಷ್ಟು ಕಾಲ ಬೇಕೋ. ಆದ್ದರಿಂದ ಹಾಕಿರುವ ಹಾದಿ ಬಿಟ್ಟು ಇಳಿಯಬೇಡಿ. ಹೂವಿನ ನಡುವೆ ಕೂತು ಫೋಟೊ, ರೀಲ್ ಮಾಡಲೇಬೇಡಿ. ನೀವು ಎದ್ದ ಮೇಲೆ ಅಲ್ಲಿ ಉಳಿಯುವುದು ಬೋಳು ಕಲ್ಲು.

ಬೇಲಿಯ ವಿಷಯವೂ ಹೇಳಬೇಕು. ಜನ ಜಾಸ್ತಿಯಾದಾಗ ಪಠಾರಕ್ಕೆ ತಂತಿ ಬೇಲಿ ಹಾಕಿದ್ದರು. ಜನರ ಜೊತೆ ದನಗಳೂ ಹೊರಗೆ ಉಳಿದವು. ದನ ಮೇಯದೆ ಹುಲ್ಲು ಎತ್ತರ ಬೆಳೆದು ಸಣ್ಣ ಹೂವುಗಳನ್ನು ಮುಚ್ಚುತ್ತಿದೆ ಎಂದು ಹಳ್ಳಿಯವರೂ ಸಸ್ಯ ತಿಳಿದವರೂ ಹೇಳಿದರು. ಕೊನೆಗೆ ಬೇಲಿ ತೆಗೆದರು. ಒಳ್ಳೆಯ ಮನಸ್ಸಿನಿಂದ ಹಾಕಿದ ತಂತಿಯೇ ಇಷ್ಟು ಬದಲಾಯಿಸಿತು ಅಂದರೆ ಕಾಂಕ್ರೀಟು ಏನು ಮಾಡಬಹುದು, ನೀವೇ ಯೋಚನೆ ಮಾಡಿ.

ಹಳೆಯ ರಾಜಮಾರ್ಗ ಹಿಡಿದು ನಡೆದರೆ ಕುಮುದಿನಿ ಕೆರೆ ಸಿಗುತ್ತದೆ. ನೀರ ಮೇಲೆ ಅಂಚಿಗೆಲ್ಲ ಬಿಳಿ ನೂಲಿನಂಥ ಎಸಳಿನ ಹೂವು. ಬಹಳ ಜನ ಅಲ್ಲಿವರೆಗೆ ಹೋಗುವುದಿಲ್ಲ, ನೀವು ಹೋಗಿ. ಊಟಕ್ಕೆ ರಸ್ತೆ ಬದಿಯ ಹಳ್ಳಿ ಹೆಂಗಸರ ಅಂಗಡಿಗಳಲ್ಲಿ ಪಿಠ್ಲ-ಭಾಕರಿ ಸಿಗುತ್ತದೆ. ನಮ್ಮ ಜುಣಕ-ರೊಟ್ಟಿಯೇ ಅದು, ಜೊತೆಗೆ ಹಸಿಮೆಣಸಿನ ಠೇಚಾ. ಹಣ ಖರ್ಚು ಮಾಡುವುದಿದ್ದರೆ ಇಲ್ಲೇ ಮಾಡಿ.

ಅಲ್ಲಿ ರೊಟ್ಟಿ ತಿನ್ನುವಾಗ ಬಾಗಲಕೋಟೆಯಿಂದ ಬಂದಿದ್ದ ಗೆಳೆಯನ ಸೋದರಮಾವ ಕೇಳಿದರು, "ಇಷ್ಟ್ ಚಲೋ ಜಾಗಾ ಐತಿ, ಒಂದ್ ದೊಡ್ಡ ಹೋಟೆಲ್ ಯಾಕ್ ಕಟ್ಟಿಲ್ಲಪಾ ಇಲ್ಲಿ?" ಗೆಳೆಯ ಅಂದ, "ಅಲ್ರೀ ಮಾಮಾ, ಇಲ್ಲಿ ಹೊಲಸು ಆದ್ರ ಆ ನೀರು ಎಲ್ಲಿಗೆ ಬರ್ತದ ಗೊತ್ತೇನ್ರೀ? ನಿಮ್ಮ ಆಲಮಟ್ಟಿಗೇ ಬರ್ತದ." ಮಾತು ಖರೆ. ಕಾಸ್ ಆಸುಪಾಸಿನ ನೀರು ಒಂದು ಕಡೆ ಉರ್ಮೋಡಿ ನದಿಗೆ ಇಳಿದು ಕೃಷ್ಣೆಗೆ ಸೇರುತ್ತದೆ. ಇನ್ನೊಂದು ಕಡೆ ಕೊಯ್ನಾ ಹಿನ್ನೀರಿಗೆ ಇಳಿಯುತ್ತದೆ. ಕೊಯ್ನಾ ಕರಾಡದಲ್ಲಿ ಕೃಷ್ಣೆಗೆ ಸೇರುತ್ತದೆ. ಅಲ್ಲಿಂದ ಸಾಂಗ್ಲಿ, ಆಮೇಲೆ ನಮ್ಮ ಬೆಳಗಾವಿ ಜಿಲ್ಲೆ, ಆಲಮಟ್ಟಿ. ಪುಣೆಯಲ್ಲಿರುವ ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಇದು ಬೇರೆಯವರ ಗುಡ್ಡ ಅಲ್ಲ. ನಮ್ಮ ಹೊಲಕ್ಕೆ ಬರುವ ನೀರಿನ ತಲೆಭಾಗ ಅದು.

ಈಗ ರಿಸಾರ್ಟಿನ ಪ್ರಶ್ನೆಗೆ ಬರೋಣ. ಮಹಾರಾಷ್ಟ್ರ ಸರ್ಕಾರ 'ನವೀನ ಮಹಾಬಳೇಶ್ವರ' ಎಂಬ ಹೊಸ ಗಿರಿಧಾಮ ಯೋಜನೆ ಹಾಕಿಕೊಂಡಿದೆ. ಯೋಜನೆ ಮಾಡುವ ಅಧಿಕಾರವನ್ನು ರಸ್ತೆ ಅಭಿವೃದ್ಧಿ ನಿಗಮಕ್ಕೆ ಕೊಟ್ಟಿದೆ, ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ಕಟ್ಟಿದ ಎಂಎಸ್‌ಆರ್‌ಡಿಸಿ. ಸಾತಾರಾ, ಜಾವಳಿ, ಪಾಟಣ ತಾಲ್ಲೂಕುಗಳ 235 ಹಳ್ಳಿ, ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ಜಾಗ ಕರಡು ನಕಾಶೆಯಲ್ಲಿತ್ತು. 2024ರಲ್ಲಿ ಆ ಕರಡು ಹೊರಬಂದಾಗ ಸಾತಾರಾ, ಪುಣೆಯ ಪರಿಸರದವರು ಆಕ್ಷೇಪ ಎತ್ತಿದರು. ಅವರ ಆಕ್ಷೇಪಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಈ ಜಾಗ ಯಾವುದು ನೋಡಿ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮಹಾರಾಷ್ಟ್ರದಿಂದ ಸೇರಿದ್ದು ನಾಲ್ಕೇ. ಕಾಸ್, ಕೊಯ್ನಾ, ಚಾಂದೋಲಿ, ರಾಧಾನಗರಿ. ಕೊಯ್ನಾ, ಚಾಂದೋಲಿ ಸೇರಿ 2010ರಲ್ಲಿ ಸಹ್ಯಾದ್ರಿ ಹುಲಿ ಮೀಸಲು ಪ್ರದೇಶ ಆಯಿತು. ಹೊಸ ಗಿರಿಧಾಮದ ಹಳ್ಳಿಗಳು ಇದೇ ಕಾಡು, ಇದೇ ಪಠಾರಗಳ ಮಗ್ಗುಲಲ್ಲಿವೆ. ಗೇಟಿನಲ್ಲಿ 3,000 ಜನರನ್ನು ಎಣಿಸಿ ಒಳಗೆ ಬಿಟ್ಟು, ಗೇಟಿನ ಸುತ್ತ ಊರನ್ನೇ ಕಟ್ಟಿದರೆ ಆ ಎಣಿಕೆಗೆ ಏನು ಬೆಲೆ? ಯವತೇಶ್ವರದಿಂದ ಮೇಲೆ ಹೋಗುವಾಗ ಕಿಟಕಿಯಿಂದ ನೋಡಿ. ಗುಡ್ಡ ಕಡಿದು ಮಾಡಿದ ಹೋಟೆಲು, ವಿಲ್ಲಾ, ಪ್ಲಾಟಿನ ಬೋರ್ಡು ಈಗಲೇ ಸಾಲಾಗಿವೆ. ಮಣ್ಣೇ ಇಲ್ಲದ ಕಡೆ ಹೊಲಸು ನೀರು ಇಂಗುವುದಿಲ್ಲ, ಇಳಿಜಾರಿಗೆ ಹರಿಯುತ್ತದೆ. ಅಲ್ಲೇ ಇರುವ ಕಾಸ್ ಕೆರೆಯಿಂದ ಸಾತಾರಾ ನಗರ ನೀರು ಕುಡಿಯುತ್ತದೆ. ಬೇಸಿಗೆಯಲ್ಲಿ ಪ್ಲಾಟು ತೋರಿಸುವ ಏಜೆಂಟರು ಇದನ್ನೆಲ್ಲ ಬಂಜರು ನೆಲ ಅನ್ನುತ್ತಾರೆ. ಏಪ್ರಿಲ್‌ನಲ್ಲಿ ಹಾಗೇ ಕಾಣುತ್ತದೆ ಕೂಡ. ಪುಣೆಯ ನಮ್ಮವರೂ ಕೊಳ್ಳುತ್ತಿದ್ದಾರೆ. ಕೊಳ್ಳುವ ಮೊದಲು ಒಮ್ಮೆ ಸೆಪ್ಟೆಂಬರ್‌ನಲ್ಲಿ ಬಂದು ಅದೇ ನೆಲವನ್ನು ಬಗ್ಗಿ ನೋಡಲಿ.

ಹಳೆಯ ಮಹಾಬಳೇಶ್ವರದ ಮೇಲಿನ ಭಾರ ಇಳಿಸಲು ಹೊಸದು ಬೇಕು ಎಂಬ ವಾದ ಇದೆ. ಹಳೆಯದರಲ್ಲಿ ಏನಾಯಿತು? ಕಟ್ಟಡ ಮಿತಿ ಮೀರುತ್ತಿದೆ ಎಂದೇ 2001ರಲ್ಲಿ ಕೇಂದ್ರ ಸರ್ಕಾರ ಮಹಾಬಳೇಶ್ವರ-ಪಂಚಗಣಿಯನ್ನು ಪರಿಸರ ಸೂಕ್ಷ್ಮ ವಲಯ ಮಾಡಬೇಕಾಯಿತು. ಪುಣೆಯವರೇ ಆದ, ಬೆಂಗಳೂರಿನ ಐಐಎಸ್‌ಸಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅವರ ಪಶ್ಚಿಮ ಘಟ್ಟ ಸಮಿತಿ 2011ರಲ್ಲೇ ಘಟ್ಟದಲ್ಲಿ ಹೊಸ ಗಿರಿಧಾಮ ಬೇಡ ಎಂದಿತ್ತು. 2021ರ ಜುಲೈನಲ್ಲಿ ಪಾಟಣ ತಾಲ್ಲೂಕಿನ ಆಂಬೇಘರ್, ಮಿರ್ಗಾಂವ್‌ನಲ್ಲಿ ಗುಡ್ಡ ಕುಸಿದು ಮನೆಗಳ ಮೇಲೆ ಬಿತ್ತು, ಜನ ಸತ್ತರು. ಅಂಥ ಇಳಿಜಾರುಗಳಿರುವ ತಾಲ್ಲೂಕಿನಲ್ಲೇ ರಸ್ತೆ, ಹೋಟೆಲು ಕಟ್ಟಲು ಹೊರಟಿದ್ದಾರೆ.

ಹಾಗಂತ ಅಲ್ಲಿನ ಜನರಿಗೆ ಏನೂ ಬೇಡ ಎಂದು ನಾವು ಪುಣೆಯಲ್ಲಿ ಕೂತು ಹೇಳುವುದು ತಪ್ಪು. ಜಾವಳಿ, ಪಾಟಣದ ಎಷ್ಟೋ ಮನೆಯ ಗಂಡಸರು ಮುಂಬೈಯಲ್ಲಿ ಮಾಥಾಡಿ ಕೆಲಸ ಮಾಡುತ್ತಾ ಮೂಟೆ ಹೊತ್ತಿದ್ದಾರೆ. ಕೊಯ್ನಾ ಅಣೆಕಟ್ಟಿಗೆ ಇಲ್ಲಿನ ಊರುಗಳು ಮುಳುಗಿದವು, ಆಮೇಲೆ ಅಭಯಾರಣ್ಯಕ್ಕೆಂದು ಕೆಲವರು ಮತ್ತೆ ಎದ್ದು ಹೋಗಬೇಕಾಯಿತು. ಮುಳುಗಡೆ ಅಂದರೆ ಏನು ಎಂದು ಬಾಗಲಕೋಟೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವರಿಗೆ ಆಸ್ಪತ್ರೆ ಬೇಕು, ಬಸ್ಸು ಬೇಕು, ಊರಲ್ಲೇ ದುಡಿಮೆ ಬೇಕು. ಕಾಸ್‌ನ ಗೇಟಿನಲ್ಲಿ, ಪಾರ್ಕಿಂಗಿನಲ್ಲಿ, ಪಿಠ್ಲ-ಭಾಕರಿ ಅಂಗಡಿಯಲ್ಲಿ ಆ ದುಡಿಮೆ ಸ್ವಲ್ಪ ಸಿಗುತ್ತಿದೆ. ದೊಡ್ಡ ಹೋಟೆಲು ಬಂದರೆ ಅದೇ ಮಾವಶಿ ಅಲ್ಲಿ ಪಾತ್ರೆ ತೊಳೆಯುತ್ತಾರೆ, ಅವರ ಹೊಲ ಬೇರೆಯವರ ಹೆಸರಲ್ಲಿರುತ್ತದೆ. ನನ್ನ ವಿರೋಧ ಇದಕ್ಕೆ.

ಉಳಿಯಬೇಕಾದವರು ಸಾತಾರಾ ಊರಲ್ಲೇ ಉಳಿಯಿರಿ. ಬಸ್ ಸ್ಟ್ಯಾಂಡ್ ಹತ್ತಿರ ಎಲ್ಲ ದರದ ಲಾಡ್ಜ್ ಇವೆ. ಸಂಜೆ ಕಂದಿ ಪೇಡೆ ಕೊಳ್ಳಬಹುದು, ಧಾರವಾಡದವರು ರುಚಿ ನೋಡಿ ತೀರ್ಪು ಕೊಡಲಿ. ಹಳ್ಳಿಯಲ್ಲೇ ಇರಬೇಕೆಂದರೆ ಬಾಮಣೋಲಿ ಕಡೆ ಊರಿನವರೇ ನಡೆಸುವ ಮನೆ ಹುಡುಕಿ. ಫೋನ್ ಮಾಡಿದಾಗ ಮನೆ ಯಾರದು, ಕಸ ಎಲ್ಲಿ ಹೋಗುತ್ತದೆ, ರಾತ್ರಿ ಡಿಜೆ ಇದೆಯಾ ಎಂದು ಕೇಳಿ. ಡಿಜೆ ಇದೆ ಎಂದರೆ ಬಿಟ್ಟುಬಿಡಿ. ನೀರಿನ ಬಾಟಲಿ, ಚಿಪ್ಸ್ ಪ್ಯಾಕೆಟ್ಟು ನಿಮ್ಮ ಚೀಲದಲ್ಲೇ ಪುಣೆಗೆ ವಾಪಸ್ ಬರಲಿ. ಡ್ರೋನ್ ಒಯ್ಯಬೇಡಿ.

ಇನ್ನೊಂದು ಕೆಲಸ ಮನೆಯಲ್ಲಿ ಕೂತು ಮಾಡುವಂಥದ್ದು. ಇಂಥ ಯೋಜನೆಗಳ ನಕಾಶೆ ಹೊರಬಂದಾಗ ಸಾರ್ವಜನಿಕರಿಂದ ಹರಕತಿ-ಸೂಚನೆ, ಅಂದರೆ ಆಕ್ಷೇಪ ಮತ್ತು ಸಲಹೆ ಕರೆಯುತ್ತಾರೆ. ಮರಾಠಿ ಪತ್ರಿಕೆಗಳಲ್ಲಿ ಜಾಹೀರಾತು ಬರುತ್ತದೆ, ಗಡುವು ಜಾಸ್ತಿ ದಿನ ಇರುವುದಿಲ್ಲ. ಸುಮ್ನೆ 'ಪರಿಸರ ಉಳಿಸಿ' ಎಂದು ಬರೆದರೆ ಫೈಲಿನಲ್ಲಿ ಕೂರುತ್ತದೆ. ಹಳ್ಳಿಯ ಹೆಸರು, ಗಟ್ ನಂಬರ್ (ನಮ್ಮ ಸರ್ವೆ ನಂಬರ್ ಇದ್ದ ಹಾಗೆ) ಗೊತ್ತಿದ್ದರೆ ಅದು, ನೀವು ಕಣ್ಣಾರೆ ಕಂಡ ಝರಿ, ಪಠಾರ, ಕಡಿದ ಗುಡ್ಡ, ಫೋಟೊ ತೆಗೆದ ದಿನ, ಇಷ್ಟು ಸೇರಿಸಿ. ಹೋದಾಗ ಫೋನಿನ ಲೊಕೇಶನ್ ಆನ್ ಇಟ್ಟು ಫೋಟೊ ತೆಗೆದರೆ ಇದಕ್ಕೇ ಉಪಯೋಗಕ್ಕೆ ಬರುತ್ತದೆ. ಅರ್ಜಿ ಮರಾಠಿಯಲ್ಲಿದ್ದರೆ ಒಳ್ಳೆಯದು. ನಮ್ಮ ಎಷ್ಟೋ ಮನೆಗಳಲ್ಲಿ ಮರಾಠಿ ಶಾಲೆಯಲ್ಲಿ ಓದಿದ ಮಕ್ಕಳಿದ್ದಾರೆ. ನೀವು ಕನ್ನಡದಲ್ಲಿ ಹೇಳಿ, ಅವರು ಬರೆದು ಕೊಡುತ್ತಾರೆ.