ಆರ್ಕಿಟೆಕ್ಟ್ ಆಗದ ಮಕ್ಕಳಿಗೆ ಮನೆ ಕಟ್ಟುವ ಪಾಠ ಯಾಕೆ?

"ಎಂಟನೇ, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಮಣ್ಣು, ಇಟ್ಟಿಗೆ, ತಾರಸಿ ಎಲ್ಲ ಯಾಕೆ ಹೇಳಿಕೊಡ್ತೀರಿ? ಆರ್ಕಿಟೆಕ್ಟ್ ಆಗೋರು ಹೇಗೂ ಕಾಲೇಜಿನಲ್ಲಿ ಕಲೀತಾರಲ್ವಾ?" ಬೆಂಗಳೂರಿನಲ್ಲಿ ನಾನು ನಡೆಸುವ ಬೇಸಿಗೆ ಶಿಬಿರಕ್ಕೆ ಮಕ್ಕಳನ್ನು ಬಿಡಲು ಬರುವ ಅಪ್ಪ ಅಮ್ಮಂದಿರು ಜಾಸ್ತಿ ಕೇಳುವುದು ಇದನ್ನೇ.

ಆರ್ಕಿಟೆಕ್ಟ್ ಆಗದವರಿಗಾಗಿಯೇ ಈ ಶಿಬಿರ. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಆರ್ಕಿಟೆಕ್ಟ್ ಇರುವುದೇ ಇಲ್ಲ. ಮನೆಯವರೂ ಮೇಸ್ತ್ರಿಯೂ ಸೈಟಿನಲ್ಲಿ ನಿಂತು ಮಾತಾಡುತ್ತಾರೆ. ಕಿಟಕಿ ಎಲ್ಲಿ, ಸಜ್ಜ ಎಷ್ಟು ಅಗಲ, ಗೋಡೆಗೆ ಏನು ಎಂಬುದೆಲ್ಲ ಅಲ್ಲೇ ತೀರ್ಮಾನ ಆಗಿಬಿಡುತ್ತದೆ. ಆಮೇಲೆ ಆ ಸೆಕೆ, ಆ ಕರೆಂಟ್ ಬಿಲ್ಲು ಮನೆ ಇರುವಷ್ಟು ದಿನ ಇರುತ್ತವೆ. ಈ ಮಕ್ಕಳೂ ಒಂದು ದಿನ ಮೇಸ್ತ್ರಿ ಜೊತೆ ಹಾಗೆ ನಿಲ್ಲುವವರೇ. ಏನು ಕೇಳಬೇಕು ಅಂತ ಆಗ ಅವರಿಗೆ ಗೊತ್ತಿರಬೇಕು.

ಶಿಬಿರವನ್ನು ಏಪ್ರಿಲ್ ಕೊನೆಯ ವಾರದಲ್ಲಿ ಇಡುವುದಕ್ಕೂ ಕಾರಣವಿದೆ. ಏಪ್ರಿಲ್ 24ರ ಆಸುಪಾಸು ಬೆಂಗಳೂರಿನಲ್ಲಿ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಬೆಳಗ್ಗೆಯಿಂದ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕುತ್ತಾ ಬಂದ ಮಕ್ಕಳಿಗೆ ಆಗ ಯಾರೂ ಹೇಳದೆ ಒಂದು ವಿಷಯ ಹೊಳೆಯುತ್ತದೆ: ಈ ಹೊತ್ತಿನಲ್ಲಿ ಗೋಡೆಗೆ ಬಿಸಿಲೇ ಇಲ್ಲ, ಪೂರ್ತಿ ತಾರಸಿಗೆ ಬೀಳುತ್ತಿದೆ. ಕಾಂಕ್ರೀಟ್ ತಾರಸಿ ಹಗಲೆಲ್ಲ ಕಾಯ್ದು ರಾತ್ರಿ ಆ ಬಿಸಿಯನ್ನು ಒಳಗೆ ಬಿಡುತ್ತದೆ. ಮಲಗುವ ಹೊತ್ತಿಗೂ ಫ್ಯಾನ್ ಬಿಸಿಗಾಳಿ ಬೀಸುವುದು ಅದಕ್ಕೇ. ತಾರಸಿಯ ಅರ್ಧ ಭಾಗಕ್ಕೆ ಸುಣ್ಣ ಬಳಿಸಿ ಎರಡೂ ಕಡೆ ಅಂಗೈ ಇಟ್ಟು ನೋಡಲು ಹೇಳುತ್ತೇನೆ. ಬಳಿಯದ ಕಡೆಯಿಂದ ಕೈ ತಕ್ಷಣ ಹಿಂದೆ ಬರುತ್ತದೆ. ಈ ದಿನದಿಂದ ಆಗಸ್ಟ್ ಮಧ್ಯದವರೆಗೆ ನಮ್ಮ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ದಕ್ಷಿಣದ ಕಿಟಕಿಗೆ ಮಾತ್ರ ಸಜ್ಜ ಸಾಕು ಎನ್ನುವುದು ನಮ್ಮೂರಿಗೆ ನಡೆಯುವ ಮಾತಲ್ಲ.

ಇನ್ನೊಂದು ಪ್ರಶ್ನೆ ಮಕ್ಕಳೇ ಕೇಳುತ್ತಾರೆ: "ಮಣ್ಣಿನ ಮನೆ ಮಳೆಗೆ ಕರಗಲ್ವಾ?" ಬಾಯಲ್ಲಿ ಉತ್ತರ ಹೇಳುವುದಿಲ್ಲ. ಗಾಜಿನ ಬಾಟಲಿಗೆ ಮಣ್ಣು, ನೀರು ಹಾಕಿ ಚೆನ್ನಾಗಿ ಕುಲುಕಿ ಇಡಿಸುತ್ತೇನೆ. ಮರಳು ಮೊದಲು ತಳ ಸೇರುತ್ತದೆ, ಮೇಲೆ ಹೂಳು, ಎಲ್ಲಕ್ಕಿಂತ ನಿಧಾನವಾಗಿ ಜೇಡಿ. ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರುಕು ಬಿಡುತ್ತದೆ. ಅದಕ್ಕೇ ಜೇಡಿ ಜಾಸ್ತಿ ಇದ್ದರೆ ಮರಳು ಸೇರಿಸಿ, ನೂರಕ್ಕೆ 6ರಿಂದ 8 ಪಾಲು ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ ಬ್ಲಾಕ್ ಮಾಡುತ್ತಾರೆ. ಗೂಡಿನಲ್ಲಿ ಸುಡುವ ಕೆಲಸವಿಲ್ಲ, ಮೂರು ನಾಲ್ಕು ವಾರ ನೀರುಣಿಸಿದರೆ ಆಯಿತು. ಹೀಗೆ ಮಾಡಿದ ಬ್ಲಾಕನ್ನೂ ಸಿಮೆಂಟ್ ಬೆರೆಸದ ಮಣ್ಣಿನ ಒಣಗಿದ ಉಂಡೆಯನ್ನೂ ಒಂದೇ ಬಕೆಟ್ಟಿಗೆ ಹಾಕುತ್ತೇವೆ. ಉಂಡೆ ಕುಸಿಯುತ್ತದೆ, ಬ್ಲಾಕ್ ಹಾಗೇ ಇರುತ್ತದೆ. ಈ ಬ್ಲಾಕಿನ ಮೇಲೆ ದೊಡ್ಡ ಕೆಲಸ ನಡೆದದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ, 1974ರಲ್ಲಿ ಶುರುವಾದ 'ಅಸ್ತ್ರ' ಎಂಬ ವಿಭಾಗದಲ್ಲಿ. ಅದನ್ನು ಕೇಳಿದ ಮಕ್ಕಳ ಮುಖ ನೀವು ನೋಡಬೇಕು!

ಹಾಗಂತ ಹಳೇದೆಲ್ಲ ಒಳ್ಳೇದು, ಸಿಮೆಂಟ್ ಕೆಟ್ಟದ್ದು ಎಂದು ನಾನು ಹೇಳಿಕೊಡುವುದಿಲ್ಲ. ಗಟ್ಟಿ ಪಾಯ, ಮುಂದೆ ಚಾಚಿದ ಸೂರು ಇಲ್ಲದ ಮಣ್ಣಿನ ಗೋಡೆ ಉಳಿಯುವುದಿಲ್ಲ. ಬೇಕಾದಲ್ಲಿ ಬೇಕಾದಷ್ಟೇ ಬಳಸಬೇಕು. ಕೇರಳದಲ್ಲಿ ಲಾರಿ ಬೇಕರ್ ಎಂಬ ಆರ್ಕಿಟೆಕ್ಟ್ ಇಟ್ಟಿಗೆಗಳನ್ನು ಅಡ್ಡ ಮಗ್ಗುಲಲ್ಲಿ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಗೋಡೆ ಕಟ್ಟಿಸಿದರು. ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಆ ಪೊಳ್ಳಿನಿಂದ ಒಳಗೆ ಸೆಕೆಯೂ ಕಡಿಮೆ. ಅಂಥ ಗೋಡೆಯನ್ನು ಮಕ್ಕಳು ಸೊಂಟದೆತ್ತರಕ್ಕೆ ತಾವೇ ಕಟ್ಟುತ್ತಾರೆ. ತೂಗುಗುಂಡು ಹಿಡಿಯುವುದನ್ನು ಕಲಿಸುವವರು ಮೇಸ್ತ್ರಿ. ಅಲ್ಲಿ ಅವರೇ ಮೇಷ್ಟ್ರು, ನಾನಲ್ಲ.

ಶಿಬಿರದಲ್ಲಿ ಮಕ್ಕಳು ಮಾಡುವ ಮಳೆ ಲೆಕ್ಕವೂ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಬೆಂಗಳೂರಿಗೆ ವರ್ಷಕ್ಕೆ 900 ಮಿಲಿಮೀಟರ್ ಅಂದುಕೊಂಡರೂ 100 ಚದರ ಮೀಟರ್ ತಾರಸಿಗೆ 90,000 ಲೀಟರ್, ಅಂದರೆ 6,000 ಲೀಟರಿನ 15 ಟ್ಯಾಂಕರ್. ಈ ಲೆಕ್ಕ ಹಿಡಿದು ಮನೆಗೆ ಬರುವ ಮಗ ಅಥವಾ ಮಗಳು ನಿಮ್ಮ ಸಂಪು ಎಷ್ಟು ದೊಡ್ಡದು, ತಾರಸಿ ನೀರು ಎಲ್ಲಿಗೆ ಹೋಗುತ್ತಿದೆ ಎಂದು ಕೇಳುತ್ತಾರೆ. ದಯವಿಟ್ಟು ಸುಮ್ನೆ ಇರು ಎನ್ನಬೇಡಿ, ಅವರ ಜೊತೆ ತಾರಸಿಗೆ ಹತ್ತಿ ಪೈಪು ಎಲ್ಲಿಗೆ ಇಳಿದಿದೆ ಎಂದು ನೋಡಿ.