ಹೆಸರೇ ಪ್ರಚಾರ: ಜಪಾನಿನ 12 ದಿನಗಳ ಚುನಾವಣಾ ಬೀದಿಗಳಲ್ಲಿ

ಟೋಕಿಯೋದಲ್ಲಿ ಚುನಾವಣೆ ಬಂತೆಂದು ಮೊದಲು ಹೇಳುವುದು ಖಾಲಿ ಹಲಗೆ. ಶಾಲೆಯ ಬೇಲಿಗೆ, ಪಾರ್ಕಿನ ಮೂಲೆಗೆ ನಿಲ್ಲಿಸಿದ ಆ ಹಲಗೆಗಳಲ್ಲಿ 2024ರ ಅಕ್ಟೋಬರ್ 15ರ ಮಂಗಳವಾರ ಬೆಳಿಗ್ಗೆ ಅಂಕಿ ಬರೆದ ಚೌಕಗಳಷ್ಟೇ ಇದ್ದವು. ಕೆಳಮನೆಯ 465 ಸ್ಥಾನಗಳಿಗೆ ಅಂದು ಅಧಿಸೂಚನೆ, 27ರ ಭಾನುವಾರ ಮತದಾನ. ನಡುವೆ ಸಿಗುವುದು 12 ದಿನ. 8:30ಕ್ಕೆ ನಾಮಪತ್ರ ಸ್ವೀಕಾರ ಶುರುವಾಗುತ್ತದೆ, ಚೀಟಿ ಎತ್ತಿ ಯಾರಿಗೆ ಯಾವ ಚೌಕವೆಂದು ತೀರ್ಮಾನಿಸುತ್ತಾರೆ. ಆ ಸಂಖ್ಯೆ ಫೋನಿನಲ್ಲಿ ಬಂದ ಕೂಡಲೇ ಪೋಸ್ಟರ್ ಹಿಡಿದು ಕಾಯುತ್ತಿದ್ದ ಕಾರ್ಯಕರ್ತರು ಓಡುತ್ತಾರೆ. ಕ್ಷೇತ್ರವೊಂದಕ್ಕೆ ನೂರಾರು ಹಲಗೆಗಳು. ಸಂಘಟನೆ ಗಟ್ಟಿಯಿದ್ದರೆ ಅಭ್ಯರ್ಥಿಯ ಮುಖ ಅಂದೇ ಎಲ್ಲೆಡೆ ಕಾಣುತ್ತದೆ. ಒಂಟಿ ಪಕ್ಷೇತರರ ಚೌಕ ಎಷ್ಟೋ ಕಡೆ ಕೊನೆಯವರೆಗೂ ಬೋಳು. ಯಾರ ಬೆನ್ನಿಗೆ ಎಷ್ಟು ಜನರಿದ್ದಾರೆಂದು ತಿಳಿಯಲು ಸಮೀಕ್ಷೆ ಬೇಡ, ಎರಡು ಬೀದಿ ನಡೆದರೆ ಸಾಕು.

ಅದೇ ದಿನ ಕಚೇರಿಗಳ ಒಳಗೆ ಇನ್ನೊಂದು ಗಡಿಬಿಡಿ. ಏಕಸದಸ್ಯ ಕ್ಷೇತ್ರದ ಅಭ್ಯರ್ಥಿ ಹಂಚಬಹುದಾದ ಕರಪತ್ರ 70,000, ಅಂಚೆ ಕಾರ್ಡು 35,000. ಪ್ರತಿ ಕರಪತ್ರಕ್ಕೂ ಚುನಾವಣಾ ಆಯೋಗ ಕೊಡುವ ‘ಶೋಶಿ’ ಎಂಬ ಪುಟ್ಟ ಚೀಟಿ ಅಂಟಿಸಲೇಬೇಕು. ಅದು ಸಿಗುವುದು ನಾಮಪತ್ರ ಕೊಟ್ಟ ಮೇಲೆಯೇ. ಹಾಗಾಗಿ ಮೊದಲ ದಿನ ಬೀದಿಗೆ ಹೋಗಬೇಕಾದ ಕೈಗಳು ಮೇಜಿನ ಸುತ್ತ ಕುಳಿತು ಚೀಟಿ ಅಂಟಿಸುತ್ತಿರುತ್ತವೆ. ಚೀಟಿಯಿಲ್ಲದ ಕರಪತ್ರ ಹಂಚಿದರೆ ಕಾನೂನು ಮುರಿದಂತೆ.

ಹೊರಗೆ ಕಿವಿಗೆ ಬೀಳುವುದು ವ್ಯಾನಿನ ಸದ್ದು. ಬಿಳಿ ಕೈಗವಸು ತೊಟ್ಟ ಕೈ ಕಿಟಕಿಯಿಂದಾಚೆ ಬೀಸುತ್ತಿರುತ್ತದೆ, ಧ್ವನಿವರ್ಧಕದಲ್ಲಿ ಹೆಣ್ಣುದನಿಯೊಂದು ಅಭ್ಯರ್ಥಿಯ ಹೆಸರನ್ನು ಹೇಳಿದ್ದೇ ಹೇಳುತ್ತದೆ. ಆಕೆಗೆ ‘ಉಗುಯಿಸು’ ಎಂಬ ಹಾಡುಹಕ್ಕಿಯ ಹೆಸರು. ನೀತಿ, ಭರವಸೆ ಏನೂ ಇಲ್ಲದೆ ಬರೀ ಹೆಸರೇ ಯಾಕೆ ಎಂದು ಹೊರಗಿನವರಿಗೆ ರೇಜಿಗೆಯಾಗುವುದು ಸಹಜ. ಕಾರಣ ಕಾನೂನಿನಲ್ಲೇ ಇದೆ. ಓಡುವ ವಾಹನದಿಂದ ಭಾಷಣ ಮಾಡುವಂತಿಲ್ಲ, ಹೆಸರು ಕೂಗಬಹುದು, ಅದೂ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಭಾಷಣ ಬೇಕೆಂದರೆ ಗಾಡಿ ನಿಲ್ಲಿಸಿ, ಆಯೋಗ ಕೊಟ್ಟ ಬಾವುಟ ಎತ್ತಿ ಹಿಡಿಯಬೇಕು. ಮನೆಮನೆಗೆ ಹೋಗಿ ಮತ ಕೇಳುವುದು 1925ರಿಂದಲೇ ನಿಷಿದ್ಧ. 25 ದಾಟಿದ ಗಂಡಸರೆಲ್ಲರಿಗೂ ಮತಾಧಿಕಾರ ಕೊಟ್ಟ ಕಾನೂನೇ ಆ ಬಾಗಿಲನ್ನೂ ಮುಚ್ಚಿತು. ಹಕ್ಕಿಯ ಕೂಲಿಗೂ ಮಿತಿಯುಂಟು. 2019ರಲ್ಲಿ ಅದು ದಿನಕ್ಕೆ 15,000 ಯೆನ್ ಇತ್ತು. ಹಿರೋಶಿಮಾದ ಮೇಲ್ಮನೆ ಚುನಾವಣೆಯಲ್ಲಿ ಅದರ ದುಪ್ಪಟ್ಟು ಕೊಟ್ಟ ಪ್ರಕರಣದಲ್ಲಿ ಅಭ್ಯರ್ಥಿ ಕವಾಯ್ ಅನ್ರಿ ಅವರ ಕಾರ್ಯದರ್ಶಿಗೆ ಶಿಕ್ಷೆಯಾಯಿತು.

ಭಾಷಣ ಕೇಳಬೇಕಾದರೆ ನಿಲ್ದಾಣಗಳ ಮುಂದೆ ಹೋಗಬೇಕು: ಯೂರಾಕುಚೋ, ಶಿಂಜುಕು, ಇಕೆಬುಕುರೋ. ದೊಡ್ಡ ನಾಯಕರು ಎಲ್ಲಿ, ಎಷ್ಟು ಹೊತ್ತಿಗೆ ಬರುತ್ತಾರೆಂದು ಪಕ್ಷಗಳ ಜಾಲತಾಣದಲ್ಲಿ ನೋಡಿಕೊಂಡು ಒಂದು ತಾಸು ಮೊದಲೇ ಹೊರಡುವುದು ಒಳ್ಳೆಯದು. 2022ರ ಜುಲೈ 8ರಂದು ನಾರಾದಲ್ಲಿ ಮಾಜಿ ಪ್ರಧಾನಿ ಶಿಂಜೋ ಅಬೆ ಅವರಿಗೆ ಗುಂಡು ಬಿದ್ದಿದ್ದು ಇಂಥದೇ ಬೀದಿ ಭಾಷಣದಲ್ಲಿ. ಮರುವರ್ಷ ವಾಕಯಾಮಾದಲ್ಲಿ ಆಗಿನ ಪ್ರಧಾನಿ ಕಿಶಿದಾ ಅವರತ್ತ ಬಾಂಬು ತೂರಿದರು. ಈಗ ಪ್ರಮುಖರ ಸಭೆಯೆಂದರೆ ಲೋಹಶೋಧಕ, ಚೀಲ ತಪಾಸಣೆ, ದೂರದಲ್ಲಿ ಕಟ್ಟಿದ ಬೇಲಿ. ಕೈಕುಲುಕುವ ರಾಜಕೀಯಕ್ಕೆ ಇದು ದೊಡ್ಡ ಪೆಟ್ಟು. ರಾತ್ರಿ 8 ಹೊಡೆಯುತ್ತಲೇ ಮೈಕು ಬಂದ್. ಆಮೇಲೂ ಅಭ್ಯರ್ಥಿ ನಿಲ್ದಾಣದ ಬಾಗಿಲಲ್ಲಿ ನಿಂತು ಬಾಗಿ ನಮಸ್ಕರಿಸುತ್ತಿರುತ್ತಾರೆ.

ಟೋಕಿಯೋದಲ್ಲೇ ಉಳಿದರೆ ಅರ್ಧ ಮಾತ್ರ ಕಂಡಂತೆ. ಶಿಂಕನ್‌ಸೆನ್ ಬುಲೆಟ್ ರೈಲು ಹತ್ತಿದರೆ ಸುಮಾರು 50 ನಿಮಿಷಕ್ಕೆ ಗುನ್ಮಾ ಪ್ರಾಂತದ ತಕಾಸಾಕಿ. ಗೆದ್ದ ರಾತ್ರಿ ಅಭ್ಯರ್ಥಿಗಳು ಕಣ್ಣು ಬರೆಯುವ ಕೆಂಪು ದರುಮಾ ಗೊಂಬೆಯ ತವರು ಇದು. ಕಾಗದ ಅಚ್ಚೊತ್ತಿ ಮಾಡಿದ ಗೊಂಬೆಗೆ ಹರಕೆ ಹೊರುವಾಗ ಒಂದು ಕಣ್ಣು, ಗೆದ್ದ ಮೇಲೆ ಇನ್ನೊಂದು. ಊರಾಚೆಯ ಶೋರಿನ್‌ಜಾನ್ ದರುಮಾ ದೇವಸ್ಥಾನದಲ್ಲಿ ಜನ ಮರಳಿಸಿದ ಹಳೆಯ ಗೊಂಬೆಗಳ ರಾಶಿ ನೋಡಬಹುದು. ರಾಜಕೀಯದ ಮಟ್ಟಿಗೂ ಈ ಸೀಮೆ ಸಣ್ಣದಲ್ಲ. 1994ರ ಸುಧಾರಣೆಗೆ ಮುಂಚೆ ಒಂದೇ ಕ್ಷೇತ್ರಕ್ಕೆ ಹಲವು ಸ್ಥಾನಗಳಿದ್ದಾಗ, ಇಲ್ಲಿನ ಹಳೆಯ 3ನೇ ಕ್ಷೇತ್ರದಿಂದ ಫುಕುದಾ ತಕೆಓ, ನಕಾಸೋನೆ, ಒಬುಚಿ ಮೂವರೂ ಗೆದ್ದು ಬರುತ್ತಿದ್ದರು, ಮೂವರೂ ಲಿಬರಲ್ ಡೆಮಾಕ್ರಟಿಕ್ ಪಕ್ಷದವರೇ. ಅವರಲ್ಲಿ ಕಿರಿಯರಾದ ಒಬುಚಿ ತಮ್ಮನ್ನು ಎರಡು ಕಟ್ಟಡಗಳ ಸಂದಿಯ ರಾಮೆನ್ ನೂಡಲ್ಸ್ ಅಂಗಡಿ ಎಂದುಕೊಂಡಿದ್ದರು. ಮುಂದೆ ಮೂವರೂ ಪ್ರಧಾನಿಯಾದರು. ಗೆಲ್ಲಲು ಮೂರು ‘ಬನ್’ ಬೇಕೆನ್ನುವುದು ಅಲ್ಲಿನ ಮಾತು: ಜಿಬನ್ ಎಂದರೆ ನೆಲೆ, ಕನ್‌ಬನ್ ಎಂದರೆ ಹೆಸರಿನ ಬೋರ್ಡು, ಕಬನ್ ಎಂದರೆ ದುಡ್ಡಿನ ಚೀಲ. ಮೂರನ್ನೂ ಅಪ್ಪನಿಂದ ಪಡೆದವರು ಸಂಸತ್ತಿನಲ್ಲಿ ಬೇಕಾದಷ್ಟು ಜನ.

ಹೆಸರಿನ ಕೂಗಾಟಕ್ಕೆ ಪೂರ್ತಿ ಅರ್ಥ ಸಿಗುವುದು ಮತಗಟ್ಟೆಯಲ್ಲಿ. ನಮ್ಮಂತೆ ಚಿಹ್ನೆ ಇಲ್ಲ, ಗುಂಡಿ ಒತ್ತುವಂತಿಲ್ಲ. ಮತದಾರ ಪೆನ್ಸಿಲ್ ಹಿಡಿದು ಖಾಲಿ ಚೀಟಿಯ ಮೇಲೆ ಅಭ್ಯರ್ಥಿಯ ಹೆಸರನ್ನು ತಾನೇ ಬರೆಯಬೇಕು. ಮತದಾರರಿಗೆ ಕಾಂಜಿ ಅಕ್ಷರ ತಪ್ಪೀತೆಂದು ಹೆದರಿ ಅನೇಕ ಅಭ್ಯರ್ಥಿಗಳು ಪೋಸ್ಟರಿನಲ್ಲಿ ಸುಲಭದ ಹಿರಗಾನಾ ಲಿಪಿಯಲ್ಲಿ ಹೆಸರು ಹಾಕಿಸುತ್ತಾರೆ. ಚೀಟಿ ಮಾಡಿರುವುದು ಯೂಪೋ ಎಂಬ ಕೃತಕ ಹಾಳೆಯಿಂದ. ಮಡಿಸಿ ಹಾಕಿದರೂ ಪೆಟ್ಟಿಗೆಯೊಳಗೆ ತಾನಾಗಿ ಬಿಚ್ಚಿಕೊಳ್ಳುವುದರಿಂದ ಎಣಿಕೆಯವರಿಗೆ ಬಿಡಿಸುವ ಕೆಲಸ ತಪ್ಪುತ್ತದೆ.

ಎಡವಟ್ಟಾಗುವುದೂ ಇಲ್ಲೇ. ಪಕ್ಷಕ್ಕೆ ಹಾಕುವ ಎರಡನೇ ಮತದಲ್ಲಿ, 2024ರಲ್ಲಿ, ವಿರೋಧ ಪಕ್ಷಗಳಾದ ರಿಕ್ಕೆನ್ ಮಿನ್‌ಶುತೋ, ಕೊಕುಮಿನ್ ಮಿನ್‌ಶುತೋ ಎರಡೂ ‘ಮಿನ್‌ಶುತೋ’ ಎಂಬ ಒಂದೇ ಕಿರುಹೆಸರನ್ನು ನೋಂದಾಯಿಸಿದ್ದವು. ಅಷ್ಟೇ ಬರೆದ ಚೀಟಿಗಳನ್ನು ಎರಡಕ್ಕೂ ಅವುಗಳ ಸ್ಪಷ್ಟ ಮತಗಳ ಪ್ರಮಾಣದಲ್ಲಿ ಹಂಚಲಾಯಿತು. ಕೈಗೆ ಬರುವ ಸಂಬಳ ಹೆಚ್ಚಿಸುತ್ತೇವೆ ಎಂದ ಕೊಕುಮಿನ್ 7 ಸ್ಥಾನಗಳಿಂದ 28ಕ್ಕೆ ಏರಿತು. ತನ್ನ ಅಭ್ಯರ್ಥಿಗಳ ಪಟ್ಟಿಯಲ್ಲಿ ಸಾಕಷ್ಟು ಹೆಸರುಗಳಿಲ್ಲದೆ 3 ಸ್ಥಾನಗಳನ್ನು ಬೇರೆ ಪಕ್ಷಗಳಿಗೆ ಬಿಟ್ಟುಕೊಟ್ಟಿತು. ಆಗಿನ ಪ್ರಧಾನಿ ಇಶಿಬಾ ಅವರ ಲಿಬರಲ್ ಡೆಮಾಕ್ರಟಿಕ್ ಪಕ್ಷ 247ರಿಂದ 191ಕ್ಕೆ ಕುಸಿಯಿತು. ಒಂದೇ ಕುಲನಾಮದ ಇಬ್ಬರು ಕಣದಲ್ಲಿದ್ದು ಮತದಾರ ಕುಲನಾಮವಷ್ಟೇ ಬರೆದರೂ, ಸ್ಪಷ್ಟ ಮತಗಳ ಪ್ರಮಾಣದಲ್ಲಿ ಇದೇ ಹಂಚಿಕೆ. ಅದಕ್ಕೇ ಜಪಾನಿನ ಫಲಿತಾಂಶದ ಪಟ್ಟಿಯಲ್ಲಿ ಕೆಲವರ ಮತಗಳಿಗೆ ದಶಮಾಂಶ ಚುಕ್ಕಿಯ ನಂತರ ಮೂರು ಅಂಕಿಗಳಿರುತ್ತವೆ.